ಪತ್ರಿಕಾ ವಿಜ್ಞಾನ ಕಥೆಗಳ ವಿಮರ್ಶೆ

ಪತ್ರಿಕಾ ವಿಜ್ಞಾನ ಕಥೆಗಳ ವಿಮರ್ಶೆ ಎಂಬುದು ನಿಯತಕಾಲಿಕಗಳಲ್ಲಿ ಪ್ರಕಟವಾಗುವ ವೈಜ್ಞಾನಿಕ ಸಣ್ಣಕಥೆ, ನೀಳ್ಗತೆ ಹಾಗೂ ಕಿರುಕಾದಂಬರಿಗಳನ್ನು ಅವು ಬಂದ ಸಂಚಿಕೆಯಲ್ಲಿಯೇ ಓದಿ, ಬೆಲೆಕಟ್ಟಿ, ದಾಖಲಿಸುವ ವಿಮರ್ಶಾಪ್ರಕಾರ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1926ರಿಂದೀಚೆಗೆ ಹುಟ್ಟಿಕೊಂಡ ವಿಜ್ಞಾನ ಕಥಾಪತ್ರಿಕೆಗಳ ಜೊತೆಯಲ್ಲಿ ಇದು ಬೆಳೆಯಿತು. ಪುಸ್ತಕ ವಿಮರ್ಶೆಗೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಪುಸ್ತಕವು ಅಂಗಡಿಯಲ್ಲಿ, ಗ್ರಂಥಾಲಯದಲ್ಲಿ ವರ್ಷಗಟ್ಟಲೆ ಇರುತ್ತದೆ. ಮಾಸಪತ್ರಿಕೆಯ ಕಥೆಗೆ ಮುಂದಿನ ಸಂಚಿಕೆ ಬರುವ ತನಕ ಮಾತ್ರ ಆಯುಸ್ಸು. ಅಷ್ಟರೊಳಗೆ ಗಮನಿಸುವವರಿಲ್ಲದಿದ್ದರೆ ಒಳ್ಳೆಯ ಕಥೆಯೂ ಹಳೆಯ ಸಂಚಿಕೆಯೊಡನೆ ರದ್ದಿಗೆ ಹೋಗುತ್ತದೆ. ಹೀಗಾಗಿ ಈ ಕ್ಷೇತ್ರದ ವಿಮರ್ಶಕರು ಕಥೆಗಳ ಗುಣದೋಷಗಳನ್ನು ಹೇಳಿದ್ದಲ್ಲದೆ, ಯಾವ ಕಥೆ ಉಳಿಯಬೇಕು ಎಂಬುದನ್ನೂ ಬಹುಮಟ್ಟಿಗೆ ತೀರ್ಮಾನಿಸಿದ್ದಾರೆ.

ಹೆಸರು ಮತ್ತು ವ್ಯಾಪ್ತಿ

ಕನ್ನಡದಲ್ಲಿ ವಿಜ್ಞಾನ ಕಥೆ, ವೈಜ್ಞಾನಿಕ ಕಥೆ, ಸೈನ್ಸ್ ಫಿಕ್ಷನ್ ಎಂಬ ಮೂರು ಹೆಸರುಗಳೂ ಬಳಕೆಯಲ್ಲಿವೆ. ವಿಜ್ಞಾನದ ಪಾಠವನ್ನು ಕಥೆಯ ರೂಪದಲ್ಲಿ ಹೇಳುವ ಮಕ್ಕಳ ಬರಹಗಳನ್ನೂ ಕೆಲವರು ಇದೇ ಹೆಸರಿನಿಂದ ಕರೆಯುವುದುಂಟು. ಅದು ಬೇರೆ ಪ್ರಕಾರ. ಈ ಲೇಖನದ ವ್ಯಾಪ್ತಿಗೆ ಸೇರುವುದಿಲ್ಲ. ಇಲ್ಲಿ ವಿಜ್ಞಾನ ಕಥೆ ಎಂದರೆ, ಇಂದು ಇಲ್ಲದ ಒಂದು ಸಂಗತಿಯನ್ನು ಸಾಧ್ಯವೆಂದು ಊಹಿಸಿಕೊಂಡು, ಅದು ನಿಜವಾದರೆ ಮನುಷ್ಯನ ಬದುಕು ಏನಾದೀತು ಎಂದು ಶೋಧಿಸುವ ಕಥೆ.

ಉದ್ದದ ಬಗ್ಗೆ ಈ ಕ್ಷೇತ್ರದಲ್ಲಿ ಖಚಿತ ಲೆಕ್ಕವಿದೆ. ಹ್ಯೂಗೋ ಮತ್ತು ನೆಬ್ಯುಲಾ ಪ್ರಶಸ್ತಿಗಳ ನಿಯಮದಂತೆ 7,500 ಪದಗಳಿಗಿಂತ ಕಡಿಮೆ ಇರುವುದು ಸಣ್ಣಕಥೆ. ಅಲ್ಲಿಂದ 17,500 ಪದಗಳವರೆಗಿನದು ನೀಳ್ಗತೆ. 40,000 ಪದಗಳವರೆಗಿನದು ಕಿರುಕಾದಂಬರಿ. ಸಾಹಿತ್ಯವನ್ನು ಪದಗಳ ಲೆಕ್ಕದಲ್ಲಿ ಅಳೆಯುವುದು ನಮ್ಮ ಓದುಗರಿಗೆ ವಿಚಿತ್ರವೆನಿಸಬಹುದು. ಪದಕ್ಕಿಷ್ಟು ಎಂದು ಸಂಭಾವನೆ ಕೊಡುವ ಪತ್ರಿಕೆಗಳಲ್ಲಿ ಬೆಳೆದ ಪ್ರಕಾರಕ್ಕೆ ಅದು ಸಹಜವಾಗಿತ್ತು.

ಪತ್ರಿಕೆಗಳು ಮತ್ತು ಓದುಗರ ಪತ್ರಗಳು

ವಿಜ್ಞಾನ ಕಥೆಗಳಿಗೇ ಮೀಸಲಾದ ಮೊದಲ ಆಂಗ್ಲ ಮಾಸಪತ್ರಿಕೆ 'ಅಮೇಜಿಂಗ್ ಸ್ಟೋರೀಸ್'. ಇದನ್ನು ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರು ನ್ಯೂಯಾರ್ಕ್‌ನಲ್ಲಿ ಆರಂಭಿಸಿದರು. ಮೊದಲ ಸಂಚಿಕೆಯ ದಿನಾಂಕ 1926ರ ಏಪ್ರಿಲ್, ಬೆಲೆ 25 ಸೆಂಟ್. ಆ ಸಂಚಿಕೆಯಲ್ಲಿ ಎಡ್ಗರ್ ಅಲನ್ ಪೋ, ಜೂಲ್ಸ್ ವರ್ನ್, ಎಚ್.ಜಿ. ವೆಲ್ಸ್ ಅವರ ಹಳೆಯ ಕಥೆಗಳ ಮರುಮುದ್ರಣವಿತ್ತು. ಅಗ್ಗದ ಮರದ ತಿರುಳಿನ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಇಂಥ ಪತ್ರಿಕೆಗಳಿಗೆ 'ಪಲ್ಪ್' ಎಂಬ ಹೆಸರು ಬಂದಿತು. ಆ ಕಾಗದದಲ್ಲಿನ ಆಮ್ಲಾಂಶದಿಂದ ಹಾಳೆಗಳು ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ, ಅಂಚಿನಿಂದ ಪುಡಿಯಾಗತೊಡಗುತ್ತವೆ. ಕಥೆಗಳು ಮರೆತುಹೋಗುವುದಕ್ಕೆ ಕಾಗದವೂ ಒಂದು ಕಾರಣ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗದು.

ಈ ಕಥೆಗಳ ಮೊದಲ ವಿಮರ್ಶಕರು ಓದುಗರೇ. 'ಅಮೇಜಿಂಗ್ ಸ್ಟೋರೀಸ್' 1927ರಿಂದ ಓದುಗರ ಪತ್ರಗಳ ವಿಭಾಗವನ್ನು ನಡೆಸಿತು. ಪತ್ರದ ಕೆಳಗೆ ಬರೆದವರ ಪೂರ್ಣ ವಿಳಾಸವನ್ನೂ ಅಚ್ಚು ಮಾಡಲಾಗುತ್ತಿತ್ತು. ಇದರ ಪರಿಣಾಮ ಸಂಪಾದಕರು ಎಣಿಸಿದ್ದಕ್ಕಿಂತ ದೊಡ್ಡದಾಯಿತು: ಬೇರೆ ಬೇರೆ ಊರುಗಳ ಓದುಗರು ಪತ್ರಿಕೆಯ ನೆರವಿಲ್ಲದೆ ನೇರವಾಗಿ ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು, ಸಂಘಗಳನ್ನು ಕಟ್ಟಿಕೊಂಡರು, ತಮ್ಮದೇ ಹವ್ಯಾಸಿ ಪತ್ರಿಕೆಗಳನ್ನು ತಂದರು. ಮುಂದೆ ಹೆಸರು ಮಾಡಿದ ಲೇಖಕರಲ್ಲಿ ಅನೇಕರು ಹೀಗೆ ಕಾಗದ ಬರೆಯುವ ಹುಡುಗರಾಗಿಯೇ ಈ ಕ್ಷೇತ್ರಕ್ಕೆ ಬಂದವರು.

1930ರ ಜನವರಿಯಲ್ಲಿ ಆರಂಭವಾದ 'ಅಸ್ಟೌಂಡಿಂಗ್' ಪತ್ರಿಕೆಗೆ (1960ರಿಂದ 'ಅನಲಾಗ್') 1937ರ ಕೊನೆಯಲ್ಲಿ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಸಂಪಾದಕರಾದರು. ಅವರು 1938ರಲ್ಲಿ 'ಅನಲಿಟಿಕಲ್ ಲ್ಯಾಬೊರೇಟರಿ' ಎಂಬ ಅಂಕಣವನ್ನು ಸೇರಿಸಿದರು. ಓದುಗರು ಸಂಚಿಕೆಯ ಕಥೆಗಳನ್ನು ತಮ್ಮ ಮೆಚ್ಚುಗೆಯ ಕ್ರಮದಲ್ಲಿ ಬರೆದು ಕಳುಹಿಸುತ್ತಿದ್ದರು. ಅವುಗಳ ಸರಾಸರಿ ತೆಗೆದು ಮುಂದಿನ ಸಂಚಿಕೆಯೊಂದರಲ್ಲಿ ಪ್ರಕಟಿಸಲಾಗುತ್ತಿತ್ತು. ಯಾವುದು ಗೆದ್ದಿತು ಎಂಬುದು ಇದರಿಂದ ತಿಳಿಯುತ್ತಿತ್ತು. ಏಕೆ ಗೆದ್ದಿತು ಎಂಬುದು ತಿಳಿಯುತ್ತಿರಲಿಲ್ಲ.

ಪುಸ್ತಕಗಳಿಗೆ ಅಂಕಣ, ಕಥೆಗಳಿಗೆ ಮೌನ

ಎರಡನೆಯ ಮಹಾಯುದ್ಧದ ನಂತರ ವಿಜ್ಞಾನ ಸಾಹಿತ್ಯವು ಪುಸ್ತಕರೂಪದಲ್ಲಿ ಹೆಚ್ಚಾಗಿ ಬರತೊಡಗಿತು. 1949ರಲ್ಲಿ ಆಂಟನಿ ಬೌಷರ್ ಮತ್ತು ಜೆ. ಫ್ರಾನ್ಸಿಸ್ ಮೆಕೋಮಸ್ ಅವರು ಆರಂಭಿಸಿದ 'ದ ಮ್ಯಾಗಜೀನ್ ಆಫ್ ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್', 1950ರ ಅಕ್ಟೋಬರ್‌ನಲ್ಲಿ ಎಚ್.ಎಲ್. ಗೋಲ್ಡ್ ಅವರ ಸಂಪಾದಕತ್ವದಲ್ಲಿ ಬಂದ 'ಗ್ಯಾಲಕ್ಸಿ' ಇವೆರಡರಲ್ಲೂ ವಿಮರ್ಶೆಯ ಅಂಕಣಗಳಿದ್ದವು. 'ಅಸ್ಟೌಂಡಿಂಗ್'ನಲ್ಲಿ ಪಿ. ಸ್ಕೈಲರ್ ಮಿಲ್ಲರ್ ಅವರು 1974ರಲ್ಲಿ ತಾವು ನಿಧನರಾಗುವ ತನಕ ಅಂಕಣ ಬರೆದರು. ಆದರೆ ಇವೆಲ್ಲ ಪುಸ್ತಕಗಳ ಅಂಕಣಗಳು. ಪಕ್ಕದ ಪತ್ರಿಕೆಯ ಕಥೆಯನ್ನು ಹೊಗಳಿದರೆ ಸ್ಪರ್ಧಿಗೆ ಲಾಭ, ತೆಗಳಿದರೆ ಮತ್ಸರವೆಂಬ ಮಾತು; ತನ್ನದೇ ಪತ್ರಿಕೆಯ ಕಥೆಯ ಬಗ್ಗೆ ಬರೆಯುವಂತೆಯೇ ಇಲ್ಲ. ಮೇಲಾಗಿ ವಿಮರ್ಶೆ ಅಚ್ಚಾಗಿ ಬರುವ ಹೊತ್ತಿಗೆ ಕಥೆಯಿದ್ದ ಸಂಚಿಕೆ ಅಂಗಡಿಯಿಂದ ಮಾಯವಾಗಿರುತ್ತಿತ್ತು. ಹೀಗೆ ಈ ಪ್ರಕಾರದ ಅತ್ಯುತ್ತಮ ಕೃತಿಗಳು ಸಣ್ಣಕಥೆಗಳಾಗಿದ್ದ ಕಾಲದಲ್ಲಿಯೇ ಸಣ್ಣಕಥೆಗಳಿಗೆ ವಿಮರ್ಶಕರಿರಲಿಲ್ಲ.

ಆ ಕೊರತೆಯನ್ನು ತುಂಬಿದ್ದು ಸೈಕ್ಲೋಸ್ಟೈಲ್ ಮಾಡಿ ಅಂಚೆಯಲ್ಲಿ ಹಂಚುತ್ತಿದ್ದ ಅಭಿಮಾನಿ ಪತ್ರಿಕೆಗಳು.

ನೈಟ್ ಮತ್ತು ಬ್ಲಿಷ್

ಡೇಮನ್ ನೈಟ್ ಅವರು 1945ರಲ್ಲಿ ಒಂದು ಅಭಿಮಾನಿ ಪತ್ರಿಕೆಯಲ್ಲಿ ಎ.ಇ. ವ್ಯಾನ್ ವೋಗ್ಟ್ ಅವರ ಜನಪ್ರಿಯ ಕಾದಂಬರಿ 'ದ ವರ್ಲ್ಡ್ ಆಫ್ ನಲ್-ಎ'ಯನ್ನು ಕಟುವಾಗಿ ವಿಮರ್ಶಿಸಿದರು. ಕೃತಿ ಆಗಷ್ಟೇ 'ಅಸ್ಟೌಂಡಿಂಗ್'ನಲ್ಲಿ ಧಾರಾವಾಹಿಯಾಗಿ ಮುಗಿದಿತ್ತು. ವಿಜ್ಞಾನ ಕಥೆಯಲ್ಲಿ ಕಲ್ಪನೆಯ ವೇಗವಿದ್ದರೆ ಸಾಕು, ತರ್ಕ, ಪಾತ್ರ, ಭಾಷೆಗಳಲ್ಲಿ ರಿಯಾಯಿತಿ ಕೊಡಬೇಕು ಎಂಬ ಅಲಿಖಿತ ಒಪ್ಪಂದವನ್ನು ಈ ಲೇಖನ ಮುರಿಯಿತು. ಉಳಿದ ಸಾಹಿತ್ಯಕ್ಕೆ ಯಾವ ಅಳತೆಗೋಲೋ ಇದಕ್ಕೂ ಅದೇ ಎಂಬುದು ನೈಟ್ ಅವರ ನಿಲುವು. ಅವರ ವಿಮರ್ಶೆಗಳು 'ಇನ್ ಸರ್ಚ್ ಆಫ್ ವಂಡರ್' ಎಂಬ ಹೆಸರಿನಲ್ಲಿ 1956ರಲ್ಲಿ ಪುಸ್ತಕವಾದವು. ಅದೇ ವರ್ಷ ಉತ್ತಮ ಪುಸ್ತಕ ವಿಮರ್ಶಕ ಎಂಬ ಹ್ಯೂಗೋ ಪ್ರಶಸ್ತಿಯೂ ಅವರಿಗೆ ಬಂದಿತು. ತಾವು ಬರೆದ ವಿಮರ್ಶೆಯೊಂದನ್ನು ಇದ್ದಂತೆಯೇ ಪ್ರಕಟಿಸಲು ಪತ್ರಿಕೆ ಒಪ್ಪದಿದ್ದಾಗ ಅವರು ವಿಮರ್ಶೆ ಬರೆಯುವುದನ್ನೇ ನಿಲ್ಲಿಸಿದರು.

ಪತ್ರಿಕಾ ಕಥೆಗಳನ್ನೇ ಮುಖ್ಯವಾಗಿ ಹಿಡಿದು ಬರೆದವರು ಜೇಮ್ಸ್ ಬ್ಲಿಷ್. ಸ್ವತಃ ಕಥೆಗಾರರಾಗಿದ್ದ ಅವರು 'ವಿಲಿಯಂ ಅಥೆಲಿಂಗ್ ಜೂನಿಯರ್' ಎಂಬ ಗುಪ್ತನಾಮವನ್ನು ಇಟ್ಟುಕೊಂಡರು. ಕವಿ ಎಜ್ರಾ ಪೌಂಡ್ ಸಂಗೀತ ವಿಮರ್ಶೆಗೆ ಬಳಸುತ್ತಿದ್ದ ಹೆಸರು ವಿಲಿಯಂ ಅಥೆಲಿಂಗ್. ಬ್ಲಿಷ್ ಅದರ ಮಗನಾದರು. 1952ರಿಂದ 'ಸ್ಕೈಹುಕ್' ಎಂಬ ಅಭಿಮಾನಿ ಪತ್ರಿಕೆಯಲ್ಲಿ ಅವರು ಆಯಾ ತಿಂಗಳ ಸಂಚಿಕೆಗಳನ್ನು ಎದುರಿಗಿಟ್ಟುಕೊಂಡು ಕಥೆಗಳನ್ನು ಪರಿಶೀಲಿಸಿದರು. ಅವರ ವಿಮರ್ಶೆಗಳ ಸಂಗ್ರಹ 'ದ ಇಷ್ಯೂ ಅಟ್ ಹ್ಯಾಂಡ್' 1964ರಲ್ಲಿ ಬಂದಿತು. ಅಥೆಲಿಂಗರ ವಿಶೇಷವೆಂದರೆ ಅವರು ಕಥೆಯ ಆಶಯಕ್ಕಿಂತ ಕಸುಬನ್ನು ಹೆಚ್ಚು ನೋಡಿದ್ದು. ಸಂಭಾಷಣೆಯಲ್ಲಿ 'ಹೇಳಿದನು' ಎಂಬ ಸರಳ ಕ್ರಿಯಾಪದವಿರಬೇಕಾದ ಕಡೆ ಗರ್ಜಿಸುವ, ಗೊಣಗುವ, ಉದ್ಗರಿಸುವ ಪಾತ್ರಗಳು ಬಂದರೆ ಅವರು ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಪ್ರಬಂಧ ತಿದ್ದುವ ಕನ್ನಡ ಮೇಷ್ಟ್ರುಗಳಿಗೆ ಇದು ಅಪರಿಚಿತ ಸ್ವಭಾವವೇನಲ್ಲ.

ಓದುವ ಕ್ರಮ

ವಾಸ್ತವವಾದಿ ಕಥೆಯಲ್ಲಿ ಓದುಗನಿಗೆ ಲೋಕ ಮೊದಲೇ ಗೊತ್ತಿರುತ್ತದೆ. ಮನುಷ್ಯರನ್ನು ಮಾತ್ರ ಪರಿಚಯ ಮಾಡಿಕೊಂಡರೆ ಸಾಕು. ವಿಜ್ಞಾನ ಕಥೆಯಲ್ಲಿ ಲೋಕವನ್ನೂ ವಾಕ್ಯದಿಂದ ವಾಕ್ಯಕ್ಕೆ ಕಟ್ಟಿಕೊಳ್ಳುತ್ತ ಹೋಗಬೇಕು. ರಾಬರ್ಟ್ ಹೈನ್‌ಲೈನ್ 1942ರ ತಮ್ಮ ಕೃತಿಯೊಂದರಲ್ಲಿ ಬಾಗಿಲು ತೆರೆಯುವ ಬಗೆಯನ್ನು ಒಂದೇ ಕ್ರಿಯಾಪದದಿಂದ ಸೂಚಿಸಿ, ಯಾವ ವಿವರಣೆಯನ್ನೂ ಕೊಡದೆ ಮುಂದೆ ಹೋಗುತ್ತಾರೆ. ಅಂಥ ಬಾಗಿಲು ಆ ಲೋಕದಲ್ಲಿ ನಿತ್ಯದ ವಸ್ತು ಎಂಬುದು ಅಷ್ಟರಿಂದಲೇ ಓದುಗನಿಗೆ ಹೊಳೆಯುತ್ತದೆ. ವಿಜ್ಞಾನ ಕಥೆಗೆ ತನ್ನದೇ ಆದ ಓದಿನ ಕ್ರಮವಿದೆ ಎಂಬುದನ್ನು ಲೇಖಕ ಸ್ಯಾಮ್ಯುಯೆಲ್ ಡಿಲೇನಿ ಇಂಥ ಉದಾಹರಣೆಗಳಿಂದ ವಿವರಿಸಿದ್ದಾರೆ. ಸಣ್ಣಕಥೆಯಲ್ಲಿ ಜಾಗ ಕಡಿಮೆಯಾದ್ದರಿಂದ ಈ ಮಿತವ್ಯಯಕ್ಕೆ ಬೆಲೆ ಹೆಚ್ಚು.

ಇದಕ್ಕೆ ವಿರುದ್ಧವಾದ ದೋಷವೆಂದರೆ, ಇಬ್ಬರು ವಿಜ್ಞಾನಿಗಳು ಇಬ್ಬರಿಗೂ ಗೊತ್ತಿರುವ ಸಂಗತಿಯನ್ನು ಓದುಗನಿಗಾಗಿ ಪರಸ್ಪರ ಹೇಳಿಕೊಳ್ಳುತ್ತ ನಿಲ್ಲುವುದು. ಹಳೆಯ ಪತ್ರಿಕೆಗಳಲ್ಲಿ ಇದು ಹೇರಳವಾಗಿ ಸಿಗುತ್ತದೆ. ಬ್ಲಿಷ್ ಮತ್ತು ನೈಟ್ ಅವರಿಂದ ಇನ್ನೆರಡು ದೋಷಗಳ ಹೆಸರುಗಳು ಬಳಕೆಗೆ ಬಂದವು. ಒಂದು, ಕಥೆಯೊಳಗಿನ ಎಲ್ಲರೂ ದಡ್ಡರಾಗಿದ್ದರೆ ಮಾತ್ರ ಮುಂದೆ ಸಾಗಬಲ್ಲ ಕಥಾವಸ್ತು. ಒಬ್ಬನಾದರೂ ಒಂದು ಪ್ರಶ್ನೆ ಕೇಳಿಬಿಟ್ಟರೆ ಕಥೆ ಅಲ್ಲಿಗೇ ಮುಗಿಯುವಂಥದು. ಇನ್ನೊಂದು, ಮೊಲಕ್ಕೆ 'ಸ್ಮೀರ್ಪ್' ಎಂದು ಹೆಸರಿಡುವುದು. ಉದ್ದ ಕಿವಿ, ಕುಪ್ಪಳಿಸುವ ನಡೆ, ಹುಲ್ಲು ತಿನ್ನುವ ಸ್ವಭಾವ ಎಲ್ಲವೂ ಮೊಲದ್ದೇ. ಹೆಸರು ಮಾತ್ರ ಬೇರೆ ಗ್ರಹದ್ದು. ಹೆಸರು ಬದಲಾಯಿಸಿದ ಮಾತ್ರಕ್ಕೆ ಹೊಸ ಲೋಕ ಹುಟ್ಟುವುದಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ.

ಕಥೆಯ ವಿಜ್ಞಾನ ಸರಿಯಿದೆಯೇ ಎಂಬ ಪರೀಕ್ಷೆಯೂ ವಿಮರ್ಶಕನ ಕೆಲಸವೇ. ಆದರೆ ಲೇಖಕನ ಅಜ್ಞಾನಕ್ಕೂ ಕಾಲದ ಅಜ್ಞಾನಕ್ಕೂ ಭೇದವೆಣಿಸಬೇಕು. ಸ್ಟ್ಯಾನ್ಲಿ ವೈನ್‌ಬಾಮ್ ಅವರ 'ಎ ಮಾರ್ಷಿಯನ್ ಒಡಿಸ್ಸಿ' ('ವಂಡರ್ ಸ್ಟೋರೀಸ್', ಜುಲೈ 1934) ಕಥೆಯಲ್ಲಿ ಮಂಗಳಗ್ರಹದ ಗಾಳಿ ತೆಳುವಾದರೂ ಮನುಷ್ಯರು ಉಸಿರಾಡಬಹುದಾದದ್ದು. ಇಂದು ಶಾಲೆಯ ಮಕ್ಕಳೂ ಇದನ್ನು ಒಪ್ಪುವುದಿಲ್ಲ. ಹಾಗಿದ್ದರೂ ಆ ಕಥೆ ಹಳತಾಗಿಲ್ಲ. ಅದರಲ್ಲಿ ಬರುವ ಟ್ವೀಲ್ ಎಂಬ ಜೀವಿ ಮನುಷ್ಯನಷ್ಟೇ ಬುದ್ಧಿವಂತ, ಆದರೆ ಮನುಷ್ಯನಂತೆ ಯೋಚಿಸುವುದಿಲ್ಲ. ಅನ್ಯಗ್ರಹದವರೆಂದರೆ ರಾಕ್ಷಸರು ಅಥವಾ ವೇಷ ಹಾಕಿದ ಮನುಷ್ಯರು ಎಂದಿದ್ದ ಕಾಲದಲ್ಲಿ ಅದು ದೊಡ್ಡ ಹೆಜ್ಜೆ.

ಒಂದು ಕಥೆ, ಎರಡು ಓದು

ವಿಮರ್ಶೆಯು ಕಥೆಯೊಂದನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಟಾಮ್ ಗಾಡ್ವಿನ್ ಅವರ 'ದ ಕೋಲ್ಡ್ ಈಕ್ವೇಷನ್ಸ್' ('ಅಸ್ಟೌಂಡಿಂಗ್', ಆಗಸ್ಟ್ 1954) ನಿದರ್ಶನ. ದೂರದ ಗ್ರಹವೊಂದರಲ್ಲಿ ಜ್ವರದಿಂದ ಸಾಯುತ್ತಿರುವ ಕೆಲವರಿಗೆ ಔಷಧಿ ಒಯ್ಯುವ ಪುಟ್ಟ ನೌಕೆ. ಅದರಲ್ಲಿ ಒಬ್ಬ ಚಾಲಕನ ತೂಕಕ್ಕೆ ಸರಿಯಾಗಿ ಅಳೆದಷ್ಟೇ ಇಂಧನ. ಅಣ್ಣನನ್ನು ನೋಡುವ ಆಸೆಯಿಂದ ಹದಿನೆಂಟರ ಹುಡುಗಿಯೊಬ್ಬಳು ಅದರಲ್ಲಿ ಅಡಗಿ ಕುಳಿತಿದ್ದಾಳೆ. ಅವಳು ನೌಕೆಯಲ್ಲಿದ್ದರೆ ನೌಕೆ ಇಳಿಯಲಾರದು, ಎಲ್ಲರೂ ಸಾಯುತ್ತಾರೆ. ಲೇಖಕರು ಅವಳನ್ನು ಉಳಿಸುವ ಉಪಾಯಗಳನ್ನು ಹುಡುಕಿ ಬರೆದು ಕಳುಹಿಸುತ್ತಿದ್ದರೆಂದೂ ಕ್ಯಾಂಪ್‌ಬೆಲ್ ಅವರು ಮರಳಿ ಮರಳಿ ಹಿಂದಿರುಗಿಸಿದರೆಂದೂ ಹೇಳಲಾಗುತ್ತದೆ. ಪ್ರಕಟವಾದ ಕಥೆಯಲ್ಲಿ ಹುಡುಗಿ ಉಳಿಯುವುದಿಲ್ಲ.

ಪ್ರಕೃತಿಯ ನಿಯಮಕ್ಕೆ ಕರುಣೆಯಿಲ್ಲ ಎಂಬ ಕಠಿಣ ಸತ್ಯವನ್ನು ಹೇಳುವ ಕಥೆಯೆಂದು ಬಹುಕಾಲ ಇದನ್ನು ಓದಲಾಯಿತು. ನಂತರ ಬಂದ ವಿಮರ್ಶಕರು ಬೇರೆ ಪ್ರಶ್ನೆ ಎತ್ತಿದರು. ಒಬ್ಬರು ಒಳಗೆ ನುಸುಳಿದರೆ ಸಾವೇ ಗತಿ ಎಂದಾದರೆ, ಬಾಗಿಲಿಗೆ ಎಚ್ಚರಿಕೆಯ ಫಲಕವೊಂದೇ ಸಾಕೆ? ಬೀಗ ಏಕಿಲ್ಲ, ಹೊರಡುವ ಮುನ್ನ ತಪಾಸಣೆ ಏಕಿಲ್ಲ, ಆಪತ್ತಿಗೆಂದು ಒಂದಿಷ್ಟು ಹೆಚ್ಚಿನ ಇಂಧನ ಏಕಿಲ್ಲ? ಇವು ಗಣಿತದ ನಿಯಮಗಳಲ್ಲ, ಮನುಷ್ಯರು ಮಾಡಿಕೊಂಡ ಏರ್ಪಾಟುಗಳು. ಲೇಖಕ ಕೋರಿ ಡಾಕ್ಟೊರೋ ಅವರು 2014ರಲ್ಲಿ 'ಲೋಕಸ್' ಪತ್ರಿಕೆಯ ಅಂಕಣದಲ್ಲಿ ಈ ವಾದವನ್ನು ಮುಂದಿಟ್ಟು, ಹೊಣೆಗೇಡಿತನವನ್ನು ಕಥೆಯು ವಿಧಿಯ ತಲೆಗೆ ಕಟ್ಟುತ್ತದೆ ಎಂದರು. ಆಕ್ಷೇಪ ನ್ಯಾಯವಾದದ್ದೇ. ಆದರೂ ಅರವತ್ತು ವರ್ಷಗಳ ಮೇಲೆ ಜನ ಜಗಳವಾಡುವಂತೆ ಬರೆದ ಕಥೆಯನ್ನು ಕಳಪೆ ಎನ್ನುವಂತಿಲ್ಲ.

ವಾರ್ಷಿಕ ಸಂಕಲನಗಳು

ಪತ್ರಿಕೆಯ ಕಥೆ ಪುಸ್ತಕದಲ್ಲಿ ಉಳಿಯುವ ಮುಖ್ಯ ದಾರಿ ವಾರ್ಷಿಕ ಸಂಕಲನ. ಜುಡಿತ್ ಮೆರಿಲ್ ಅವರು 1956ರಿಂದ ಆರಂಭಿಸಿದ ಸಂಕಲನಮಾಲೆಯಲ್ಲಿ ವಿಜ್ಞಾನ ಕಥಾಪತ್ರಿಕೆಗಳ ಆಚೆಗಿನ ಸಾಮಾನ್ಯ ಸಾಹಿತ್ಯಪತ್ರಿಕೆಗಳಿಂದಲೂ ಕಥೆಗಳನ್ನು ಆರಿಸಿದರು. ಬೇಲಿ ಹಾಕಿಕೊಂಡು ಕೂತವರಿಗೆ ಇದು ರುಚಿಸಲಿಲ್ಲ. ಮೆರಿಲ್ ಮುಂದೆ ಕೆನಡಾಕ್ಕೆ ಹೋಗಿ ನೆಲೆಸಿ, 1970ರಲ್ಲಿ ತಮ್ಮ ಪುಸ್ತಕ ಹಾಗೂ ಪತ್ರಿಕೆಗಳ ಸಂಗ್ರಹವನ್ನು ಟೊರಾಂಟೊ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಟ್ಟರು. ಅದು ಇಂದು ಅವರ ಹೆಸರಿನಲ್ಲಿಯೇ ಇದೆ.

ಗಾರ್ಡ್ನರ್ ಡೊಜ್ವಾ ಅವರು 1984ರಿಂದ 2018ರವರೆಗೆ 35 ವಾರ್ಷಿಕ ಸಂಪುಟಗಳನ್ನು ತಂದರು. ಪ್ರತಿ ಸಂಪುಟದ ಕೊನೆಯಲ್ಲಿ, ಸ್ಥಳ ಸಿಗದ ಆದರೆ ಓದಲು ಯೋಗ್ಯವಾದ ಕಥೆಗಳ ದೀರ್ಘ ಪಟ್ಟಿಯಿರುತ್ತಿತ್ತು. ಸಣ್ಣ ಅಕ್ಷರಗಳ ಆ ಪಟ್ಟಿಯಲ್ಲಿ ಮೊದಲ ಬಾರಿಗೆ ತಮ್ಮ ಹೆಸರು ಕಂಡ ಹೊಸಬರಿಗೆ ಅದು ದೊಡ್ಡ ಮನ್ನಣೆಯಾಗಿತ್ತು. ಆದರೆ ಇದರಲ್ಲಿ ಒಂದು ತೊಡಕೂ ಇದೆ. ವರ್ಷದ ಕಥೆಗಳನ್ನೆಲ್ಲ ಓದಬಲ್ಲವರು ಬೆರಳೆಣಿಕೆಯಷ್ಟು ಜನ. ಅವರು ಸೂಚಿಸಿದ್ದನ್ನೇ ಉಳಿದವರು ಓದುತ್ತಾರೆ; ಪ್ರಶಸ್ತಿಗೆ ಹೆಸರು ಕೊಡುವವರೂ ಬಹುಪಾಲು ಅದರೊಳಗಿನಿಂದಲೇ ಕೊಡುತ್ತಾರೆ. 1968ರಲ್ಲಿ ಚಾರ್ಲ್ಸ್ ಎನ್. ಬ್ರೌನ್ ಮೊದಲಾದವರು ಆರಂಭಿಸಿದ 'ಲೋಕಸ್' ಪ್ರತಿವರ್ಷ ಪ್ರಕಟಿಸುವ ಶಿಫಾರಸು ಪಟ್ಟಿಗೂ ಇಂಥದೇ ಪ್ರಭಾವವಿದೆ. 1993ರಲ್ಲಿ ಡೇವ್ ಟ್ರೂಸ್‌ಡೇಲ್ ಆರಂಭಿಸಿದ 'ಟ್ಯಾಂಜೆಂಟ್' ಸಣ್ಣಕಥೆಗಳ ವಿಮರ್ಶೆಗೇ ಮೀಸಲಾಗಿ, ಸಂಚಿಕೆಯ ಕಥೆಗಳನ್ನು ಆರಿಸದೆ ಎಲ್ಲವನ್ನೂ ಪರಿಶೀಲಿಸುವ ಮಾರ್ಗವನ್ನು ಹಿಡಿಯಿತು. ಒಳ್ಳೆಯದನ್ನು ಮಾತ್ರ ಸೂಚಿಸಿದರೆ ಸಾಕು, ಹೊಸ ಲೇಖಕನ ದುರ್ಬಲ ಕಥೆಯನ್ನು ಹೆಸರಿಸಿ ಟೀಕಿಸುವುದರಿಂದ ಏನು ಲಾಭ ಎಂದು ಕೇಳುವವರೂ ಇದ್ದಾರೆ. ಆದರೆ ಮೌನಕ್ಕಿಂತ ಟೀಕೆಯೇ ಲೇಸೆಂದು ಅನೇಕ ಲೇಖಕರಿಗೆ ಅನಿಸುವುದುಂಟು.

ಓದಿನ ಪರಿಶ್ರಮದ ದೃಷ್ಟಿಯಿಂದ ಎವರೆಟ್ ಬ್ಲೈಲರ್ ಅವರ ಕೆಲಸವನ್ನು ಬೇರೆಯಾಗಿಯೇ ಹೇಳಬೇಕು. 1998ರಲ್ಲಿ ಮಗ ರಿಚರ್ಡ್ ನೆರವಿನೊಡನೆ ಪ್ರಕಟಿಸಿದ ಗ್ರಂಥದಲ್ಲಿ ಅವರು 1926ರಿಂದ 1936ರವರೆಗೆ ವಿಜ್ಞಾನ ಕಥಾಪತ್ರಿಕೆಗಳಲ್ಲಿ ಬಂದ 1,800ಕ್ಕೂ ಹೆಚ್ಚು ಕಥೆಗಳ ಸಾರಾಂಶ ಮತ್ತು ಅಭಿಪ್ರಾಯಗಳನ್ನು ದಾಖಲಿಸಿದ್ದಾರೆ. ಅವುಗಳಲ್ಲಿ ಬಹುಪಾಲು ಕಳಪೆಯವು ಎಂಬುದು ಅವರಿಗೆ ಗೊತ್ತಿತ್ತು; ಆದರೂ ಓದಿದರು. ವಿಜ್ಞಾನ ಕಥೆಗಳಲ್ಲಿ ನೂರಕ್ಕೆ ತೊಂಬತ್ತು ಕಸ, ಏಕೆಂದರೆ ಯಾವುದರಲ್ಲಿಯೂ ನೂರಕ್ಕೆ ತೊಂಬತ್ತು ಕಸವೇ ಎಂದು ಕಥೆಗಾರ ಥಿಯೊಡೋರ್ ಸ್ಟರ್ಜನ್ 1950ರ ದಶಕದಲ್ಲಿ ವಾದಿಸಿದ್ದರು. ಉಳಿದ ಹತ್ತನ್ನು ಹುಡುಕಬೇಕಾದರೆ ನೂರನ್ನೂ ಯಾರಾದರೂ ಓದಲೇಬೇಕಾಗುತ್ತದೆ.

ವಿಮರ್ಶಕರ ಎಡವಟ್ಟುಗಳು

ಬಹಳ ಹೆಸರಾದ ಪ್ರಮಾದ ಜೇಮ್ಸ್ ಟಿಪ್ಟ್ರೀ ಜೂನಿಯರ್ ಅವರಿಗೆ ಸಂಬಂಧಿಸಿದ್ದು. ಈ ಹೆಸರಿನ ಲೇಖಕರನ್ನು ಪ್ರತ್ಯಕ್ಷ ಕಂಡವರಿರಲಿಲ್ಲ; ಪತ್ರವ್ಯವಹಾರವೇ ಎಲ್ಲ. ಹೆಣ್ಣೇ ಇರಬಹುದೆಂಬ ಗಾಳಿಮಾತಿಗೆ ಉತ್ತರವಾಗಿ, 1975ರಲ್ಲಿ ಟಿಪ್ಟ್ರೀ ಕಥಾಸಂಕಲನವೊಂದಕ್ಕೆ ಮುನ್ನುಡಿ ಬರೆದ ರಾಬರ್ಟ್ ಸಿಲ್ವರ್‌ಬರ್ಗ್ ಅವರು ಈ ಬರವಣಿಗೆಯಲ್ಲಿ ಗಂಡಸಿನ ಗುಣ ಸ್ಪಷ್ಟವಾಗಿದೆ ಎಂದು ತೀರ್ಪಿತ್ತರು. 'ದ ವಿಮೆನ್ ಮೆನ್ ಡೋಂಟ್ ಸೀ' (1973) ಕಥೆಯೂ ಆ ಸಂಕಲನದಲ್ಲಿತ್ತು. ಗಂಡಸರ ಕಣ್ಣಿಗೆ ಬೀಳದ ಹೆಂಗಸರೇ ಅದರ ವಸ್ತು. ಎರಡು ವರ್ಷಗಳೊಳಗೆ ಟಿಪ್ಟ್ರೀ ಎಂದರೆ ಆಲಿಸ್ ಶೆಲ್ಡನ್ ಎಂಬ ಮಹಿಳೆ ಎಂಬುದು ಬಯಲಾಯಿತು. ಸಿಲ್ವರ್‌ಬರ್ಗ್ ತಮ್ಮ ತಪ್ಪನ್ನು ಒಪ್ಪಿಕೊಂಡರು.

ಇನ್ನೊಂದು ತೊಡಕು ಹತ್ತಿರದ ಒಡನಾಟದ್ದು. ಈ ಕ್ಷೇತ್ರದಲ್ಲಿ ಲೇಖಕ, ಸಂಪಾದಕ, ವಿಮರ್ಶಕ ಮೂವರೂ ಎಷ್ಟೋ ಸಲ ಒಬ್ಬರೇ, ಬೇರೆಯಾದರೂ ಸ್ನೇಹಿತರು. ನೈಟ್, ಬ್ಲಿಷ್, ಮೆರಿಲ್ ಮೂವರೂ ನ್ಯೂಯಾರ್ಕ್‌ನ ಒಂದೇ ಗೆಳೆಯರ ಬಳಗದವರು. ಬ್ಲಿಷ್ ಗುಪ್ತನಾಮದ ಮೊರೆಹೋದದ್ದು ಅರ್ಥವಾಗದ ಸಂಗತಿಯಲ್ಲ.

ಭಾರತದಲ್ಲಿ

ಭಾರತದ ಮೊದಲ ವಿಜ್ಞಾನ ಕಥಾಪತ್ರಿಕೆ ಅದ್ರೀಶ್ ಬರ್ಧನ್ ಅವರು 1963ರಲ್ಲಿ ಆರಂಭಿಸಿದ ಬಂಗಾಳಿಯ 'ಆಶ್ಚರ್ಯ'. ಮರಾಠಿಯಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆ ಪತ್ರಿಕೆಯ ಕೆಲಸವನ್ನು ಭಾಗಶಃ ಮಾಡಿತು. ಖಗೋಳವಿಜ್ಞಾನಿ ಜಯಂತ ನಾರಳೀಕರ್ ಅವರು 1974ರಲ್ಲಿ ಕಪ್ಪುಕುಳಿಯನ್ನು ಕುರಿತ ತಮ್ಮ ಕಥೆಯನ್ನು ಆ ಸ್ಪರ್ಧೆಗೆ ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿನಲ್ಲಿ ಕಳುಹಿಸಿ ಬಹುಮಾನ ಪಡೆದರು. ತಮ್ಮ ಕೀರ್ತಿಯನ್ನು ನೋಡಿ ಬಹುಮಾನ ಕೊಡಬಾರದು ಎಂಬುದು ಅವರ ಉದ್ದೇಶ; ಹೊಸ ಹೆಸರಿನ ಆದ್ಯಕ್ಷರಗಳು ಅವರದೇ ಹೆಸರಿನ ಆದ್ಯಕ್ಷರಗಳನ್ನು ತಿರುಗಿಸಿ ಬರೆದವು.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠ ಮೊದಲಾದವರು ಈ ಪ್ರಕಾರದಲ್ಲಿ ಬರೆದಿದ್ದಾರೆ. ಇಂಥ ಕಥೆಗಳು ಸಾಮಾನ್ಯ ವಾರಪತ್ರಿಕೆ, ಮಾಸಿಕ ಹಾಗೂ ವಿಶೇಷಾಂಕಗಳಲ್ಲಿ ಸಾಮಾಜಿಕ ಕಥೆ, ಪ್ರವಾಸ ಲೇಖನ, ಪದಬಂಧಗಳ ನಡುವೆ ಬಿಡಿಬಿಡಿಯಾಗಿ ಬರುತ್ತವೆ. ಪುಸ್ತಕವಾಗಿ ಬಂದವನ್ನು ಓದುಗರು ಬಲ್ಲರು. ಪುಸ್ತಕವಾಗದವನ್ನು ಓದಬೇಕೆಂದರೆ ಗ್ರಂಥಾಲಯಗಳಲ್ಲಿ ರಟ್ಟು ಕಟ್ಟಿಸಿಟ್ಟ ಹಳೆಯ ಸಂಪುಟಗಳನ್ನು ಸಂಚಿಕೆಯಿಂದ ಸಂಚಿಕೆಗೆ ತಿರುವಿ ಹಾಕಬೇಕಾಗುತ್ತದೆ.